ಅಮ್ಮನಿಗೆ ಬರುತ್ತಿದ್ದ ಕೊರಿಯನ್

ದುಬೈಯ ಅಲ್ ಬರ್ಷಾದ ಒಂದು ಕ್ಲಿನಿಕ್ಕಿನಲ್ಲಿ ನಾನು ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಎರಡು ಸಾವಿರದ ಹದಿಮೂರನೆಯ ಇಸವಿ ಇರಬೇಕು. ಒಂದು ಮಧ್ಯಾಹ್ನ ರಿಸೆಪ್ಷನ್ನಿನಿಂದ ಫೋನ್ ಬಂತು. ಕೊರಿಯಾದ ಪೇಷೆಂಟ್ ಒಬ್ಬರು ಬಂದಿದ್ದಾರೆ, ಇಂಗ್ಲಿಷ್ ಏನೂ ಬರುವುದಿಲ್ಲ, ಸ್ವಲ್ಪ ಬಂದು ಮಾತಾಡಿಸು ಎಂದಳು ಅಲ್ಲಿನ ಹುಡುಗಿ. ನನಗೂ ಕೊರಿಯನ್ ಬರುವುದಿಲ್ಲ ಎಂದೆ. ಅವಳು ನಕ್ಕು ಫೋನ್ ಇಟ್ಟಳು.

ಅವಳ ತಪ್ಪೂ ಅಲ್ಲ. ನನ್ನ ಮುಖ ಹಾಗಿದೆ. ಸಣ್ಣ ಕಣ್ಣು, ಅಗಲ ಕೆನ್ನೆ, ಎಣ್ಣೆ ಹಾಕಿದರೂ ನಿಲ್ಲದ ನೇರ ಕೂದಲು. ಎದೆಯ ಬ್ಯಾಡ್ಜಿನಲ್ಲಿ ಮಂಗಳೂರಿನ ಕ್ರಿಶ್ಚಿಯನರಿಗೆ ಪೋರ್ಚುಗೀಸರ ಕಾಲದಿಂದ ಬಂದ ಅಡ್ಡಹೆಸರು. ಆ ಮುಖಕ್ಕೆ ಈ ಹೆಸರು ಸೇರಿದರೆ ದುಬೈಯಲ್ಲಿ ಎಲ್ಲರೂ ಫಿಲಿಪ್ಪೀನ್ಸಿನವಳು ಎಂದೇ ತಿಳಿಯುತ್ತಾರೆ. ನಾನು ಮಂಗಳೂರಿನವಳು, ಮನೆಯಲ್ಲಿ ಕೊಂಕಣಿ ಕನ್ನಡ ಎರಡನ್ನೂ ಕಲಸಿ ಆಡುವವಳು, ಕಲಿತದ್ದು ಕನ್ನಡ ಮೀಡಿಯಮ್ಮಿನಲ್ಲಿ ಎಂದರೆ ನಂಬುವವರು ಕಡಿಮೆ. ಊರಿನವರು ಸಿಕ್ಕಾಗಲೂ ಅಷ್ಟೇ. ಅಂಗಡಿಯಲ್ಲಿ ಯಾರಾದರೂ ನನ್ನೆದುರೇ ತುಳುವಿನಲ್ಲಿ ನನ್ನ ಬಗ್ಗೆ ಆಡಿಕೊಂಡರೆ ನಾನು ತುಳುವಿನಲ್ಲೇ ಟೊಮೆಟೊ ಹೇಗೆ ಎಂದು ಕೇಳುತ್ತಿದ್ದೆ. ಆಗ ಅವರ ಮುಖ ನೋಡುವುದು ಒಂದು ಮಜಾ.

ಮುಖ ಯಾಕೆ ಹೀಗೆ ಎಂಬುದಕ್ಕೆ ನನ್ನ ಹತ್ತಿರ ಒಂದು ಉತ್ತರವಿತ್ತು. ಅಪ್ಪ ಮಣಿಪುರದವರು. ಅಬುಧಾಬಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಅಮ್ಮ ಅಲ್ಲಿ ನರ್ಸ್ ಆಗಿದ್ದಾಗ ಇಬ್ಬರಿಗೂ ಮದುವೆಯಾಯಿತು. ನಾನು ಹುಟ್ಟುವ ಮೊದಲೇ ಅವರು ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದು ತೀರಿಕೊಂಡರು. ಅಮ್ಮ ಹೇಳಿದ್ದು ಇಷ್ಟೇ. ಫೋಟೋ ಇರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಒಬ್ಬ ಸಂತನ ಹೆಸರಿದೆ, ಅದರ ಮುಂದೆ ಏನೂ ಇಲ್ಲ. ಶಾಲೆಯಲ್ಲಿ ಮಕ್ಕಳು ‘ಚೀನಿ’ ಎಂದು ಕರೆದಾಗ ನಾನು ಗೋಡೆಯ ಭೂಪಟದಲ್ಲಿ ಮಣಿಪುರ ತೋರಿಸಿ ಜಗಳವಾಡುತ್ತಿದ್ದೆ. ಮುಂದೆ ದುಬೈಯ ಸತ್ವಾದ ಬ್ಯೂಟಿಪಾರ್ಲರಿನಲ್ಲಿ ನಿಜವಾದ ಮಣಿಪುರದ ಹುಡುಗಿಯೊಬ್ಬಳು ಸಿಕ್ಕಿ, ನಿಮ್ಮ ಅಪ್ಪನ ಮನೆತನ ಯಾವುದು, ಯಾವ ಊರು ಎಂದು ಖುಷಿಯಿಂದ ಕೇಳಿದಳು. ಆಮೇಲೆ ಆ ಪಾರ್ಲರಿಗೆ ಹೋಗುವುದನ್ನೇ ಬಿಟ್ಟೆ.

ಆ ಮಧ್ಯಾಹ್ನ ಕೆಳಗೆ ಇಳಿದು ಹೋದೆ. ಐವತ್ತು ದಾಟಿದ ಗಂಡಸೊಬ್ಬರು ಹೊಟ್ಟೆ ಒತ್ತಿ ಹಿಡಿದು ಕೂತಿದ್ದರು. ಅವರ ಪಕ್ಕ ಬಿಳಿ ಕೋಟು ಹಾಕಿದ ಒಬ್ಬಳು ನಿಂತಿದ್ದಳು, ಆ ವಾರವಷ್ಟೇ ಸೇರಿದ ಫಿಸಿಯೋಥೆರಪಿಸ್ಟ್. ಮುಖ ನೋಡಿದ ಕೂಡಲೇ ಕೊರಿಯಾದವಳು ಎಂದು ನನಗೆ ಗೊತ್ತಾಯಿತು. ಸದ್ಯ, ಭಾಷೆ ಬರುವವಳು ಒಬ್ಬಳು ಸಿಕ್ಕಿದಳಲ್ಲ ಎಂದು ಸಮಾಧಾನವಾಯಿತು. ಅವಳೂ ನನ್ನನ್ನು ನೋಡಿ ಅದೇ ಸಮಾಧಾನದಿಂದ ಒಂದು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟಳು. ಆ ಮನುಷ್ಯ ನಮ್ಮಿಬ್ಬರಿಗೂ ಸೇರಿಸಿ ಉದ್ದಕ್ಕೆ ತನ್ನ ಕಷ್ಟ ಹೇಳಿಕೊಂಡರು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಅವರು ಮತ್ತೆ ಮೊದಲಿನಿಂದ ಹೇಳಿದರು, ಈ ಸಲ ಇನ್ನೂ ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ. ಕೊನೆಗೆ ಅವರ ಕಂಪನಿಯಿಂದ ಯಾರೋ ಫೋನಿನಲ್ಲಿ ಸಿಕ್ಕಿ ಮೂತ್ರಕೋಶದ ಕಲ್ಲು ಎಂದು ಗೊತ್ತಾಯಿತು. ಹೋಗುವಾಗ ಅವರು ನಮ್ಮಿಬ್ಬರನ್ನೂ ನೋಡಿ ಬೇಸರದಿಂದ ತಲೆಯಾಡಿಸಿದರು. ತಂದೆತಾಯಿ ಸರಿಯಾಗಿ ಬೆಳೆಸದ ಮಕ್ಕಳನ್ನು ನೋಡುವ ನೋಟ ಅದು.

ಆಮೇಲೆ ಇಬ್ಬರೂ ಚಹಾ ಕುಡಿಯಲು ಹೋದಾಗ ಅವಳು ತನ್ನ ಕತೆ ಹೇಳಿದಳು. ಹುಟ್ಟಿದ್ದು ಕೊರಿಯಾದಲ್ಲಿ. ಐದು ತಿಂಗಳಿದ್ದಾಗ ದತ್ತು ಕೊಡುವ ಒಂದು ಆಫೀಸಿನ ಮೂಲಕ ಡೆನ್ಮಾರ್ಕಿಗೆ ಹೋದಳು. ಬೆಳೆಸಿದ ಅಪ್ಪ ಶಾಲೆಯ ಮೇಷ್ಟ್ರು, ಅಮ್ಮ ಗ್ರಂಥಾಲಯದಲ್ಲಿ ಕೆಲಸ; ಒಳ್ಳೆಯವರು, ಇಬ್ಬರೂ ಇದ್ದಾರೆ. ಅಲ್ಲಿ ಜನ ‘ಹೌದು, ಆದರೆ ನಿಜವಾಗಿ ನೀನು ಎಲ್ಲಿಯವಳು’ ಎಂದು ಕೇಳುತ್ತಿದ್ದರಂತೆ. ದುಬೈಯಲ್ಲೂ ಎಲ್ಲರೂ ಎಲ್ಲರನ್ನೂ ಎಲ್ಲಿಯವರು ಎಂದು ಕೇಳುತ್ತಾರೆ, ಆದರೆ ಇಲ್ಲಿ ಆ ಪ್ರಶ್ನೆಯಲ್ಲಿ ಮುಳ್ಳಿಲ್ಲ ಎಂದಳು. ಕೊರಿಯಾದವರ ಅಂಗಡಿಗೆ ಹೋದರೆ ಮಾತ್ರ ಬೈಸಿಕೊಳ್ಳುವುದು ತಪ್ಪುವುದಿಲ್ಲ. ನಾನು ನನ್ನ ಮಣಿಪುರದ ಕತೆ ಹೇಳಿದೆ. ಹಾಗೆ ನಾವು ಗೆಳತಿಯರಾದೆವು. ಕ್ಲಿನಿಕ್ಕಿನ ಅರ್ಧ ಜನ ನಮ್ಮನ್ನು ಅಕ್ಕತಂಗಿ ಎಂದು ತಿಳಿದಿದ್ದರು. ಮೊದಮೊದಲು ತಿದ್ದುತ್ತಿದ್ದೆವು, ಆಮೇಲೆ ಬಿಟ್ಟೆವು.

ಎರಡು ವರ್ಷ ಕಳೆದ ಮೇಲೆ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಅದುವರೆಗೆ ಮೂರು ಸಲ ಕರೆದರೂ ಅಮ್ಮ ಗಲ್ಫಿಗೆ ಬರಲು ಒಪ್ಪಿರಲಿಲ್ಲ. ಅಬುಧಾಬಿ ನೋಡಿದ್ದು ಸಾಕು ಎನ್ನುತ್ತಿದ್ದರು. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರಿಗೆ ಮರಳಿದವರು ಮತ್ತೆ ವಿಮಾನ ಹತ್ತಿರಲಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಅಜ್ಜಿಯ ಸಹಾಯದಿಂದ ನನ್ನನ್ನು ಬೆಳೆಸಿ, ರಿಟೈರ್ ಆಗಿದ್ದರು. ಆಪರೇಷನ್ ಎಂದ ಮೇಲೆ ಮಾತ್ರ ಎರಡು ಮಾತಿಲ್ಲದೆ ವಿಸಿಟ್ ವೀಸಾದಲ್ಲಿ ಬಂದರು. ಸತ್ವಾದಲ್ಲಿ ನಾನಿದ್ದದ್ದು ಹಳೆಯ ವಿಲ್ಲಾ ಒಂದರ ಕೋಣೆಯಲ್ಲಿ. ಕೋಣೆಯ ಜೊತೆಗಾತಿ, ಅವಳೂ ಮಂಗಳೂರಿನ ನರ್ಸ್, ರಜೆಗೆ ಊರಿಗೆ ಹೋಗಿದ್ದಳು. ಅವಳ ಮಂಚ ಅಮ್ಮನಿಗಾಯಿತು.

ಗೆಳತಿ ದಿನ ಬಿಟ್ಟು ದಿನ ನನ್ನನ್ನು ನೋಡಲು ಬರುತ್ತಿದ್ದಳು. ಅಮ್ಮ ಅವಳನ್ನು ಮೊದಲ ಸಲ ನೋಡಿದಾಗ ಬಾಗಿಲಲ್ಲೇ ಒಂದು ಕ್ಷಣ ನಿಂತರು, ಆಮೇಲೆ ಒಳಗೆ ಕರೆದರು. ಡೆನ್ಮಾರ್ಕಿನವಳು ಎಂದು ನಾನು ಹೇಳಿದ್ದೆ. ದತ್ತು ಹೋದವಳು ಎಂದೂ ಹೇಳಿದ್ದೆ. ಅಮ್ಮ ಅದರ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಊಟ ಮಾತ್ರ ಕೇಳದೆ ಬಡಿಸಿದರು.

ಆ ದಿನಗಳಲ್ಲಿ ಗೆಳತಿಯ ಬ್ಯಾಗಿನಲ್ಲಿ ಒಂದು ಲಕೋಟೆ ಇತ್ತು. ತನ್ನನ್ನು ಹೆತ್ತವಳನ್ನು ಹುಡುಕಿಕೊಡಿ ಎಂದು ಅವಳು ಕೊರಿಯಾದ ಆ ಆಫೀಸಿಗೆ ಅರ್ಜಿ ಹಾಕಿದ್ದಳು, ಅದಕ್ಕೆ ಬಂದ ಉತ್ತರ. ಡೆನ್ಮಾರ್ಕಿನ ಮನೆಗೆ ಬಂದದ್ದನ್ನು ಅವಳ ಅಪ್ಪ ಒಡೆಯದೆ ಹಾಗೇ ಕಳಿಸಿದ್ದರು. ಆರು ವಾರವಾದರೂ ಅವಳು ಅದನ್ನು ತೆರೆದಿರಲಿಲ್ಲ. ಬೇಡ ಎಂದು ಬರೆದಿದ್ದರೆ ಎರಡನೆಯ ಸಲ ಬೇಡವಾದ ಹಾಗೆ, ಒಂದೇ ಸಲ ಸಾಕು ಎನ್ನುತ್ತಿದ್ದಳು.

ನಾನು ನಡೆದಾಡುವಂತಾದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ ಗೆಳತಿ ನಮ್ಮಿಬ್ಬರನ್ನೂ ದೇರಾಕ್ಕೆ ಊಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಹಳೆಯ ಕೊರಿಯನ್ ಹೋಟೆಲು, ಎಂಟೇ ಮೇಜು. ನಡೆಸುವವರು ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ನಾವು ಒಳಗೆ ಕಾಲಿಟ್ಟ ಕೂಡಲೇ ಅವರು ನನ್ನನ್ನೂ ಗೆಳತಿಯನ್ನೂ ನೋಡಿ ಕೊರಿಯನ್ನಿನಲ್ಲಿ ಏನೋ ಕೇಳಿದರು. ನಾವು ಮಾಮೂಲಿನಂತೆ ಕೈ ಮುಗಿಯುವ ಹಾಗೆ ಮಾಡಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆವು. ಅವರು ಮಾಮೂಲಿನಂತೆ ನಾಲಿಗೆ ಲೊಚಗುಟ್ಟಿದರು. ಅಮ್ಮ ಕಾಟನ್ ಸೀರೆಯ ಸೆರಗು ಸರಿಮಾಡಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು.

ಆ ಹೆಂಗಸು ಕುದಿಯುತ್ತಿದ್ದ ಸಾರಿನ ಕಲ್ಲಿನ ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟರು. ಇಟ್ಟು ನೇರವಾಗಲು ಹೋದವರು ಹಾಗೆಯೇ ನಿಂತುಬಿಟ್ಟರು. ಒಂದು ಕೈ ಸೊಂಟಕ್ಕೆ ಹೋಯಿತು, ಮುಖ ಕಿವುಚಿಕೊಂಡಿತು. ಅಮ್ಮ ಕುರ್ಚಿಯಿಂದ ಎದ್ದರು. ಅವರ ರಟ್ಟೆ ಹಿಡಿದು, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ, ಏನೋ ಕೇಳಿದರು.

“ಓದಿ ಅಪಾಯೊ?”

ನನ್ನ ಕಿವಿಗೆ ಅದು ಕನ್ನಡದ್ದೇ ಎರಡು ಪದಗಳಂತೆ ಕೇಳಿಸಿತು. ಓದಿ, ಅಪಾಯ. ಏನನ್ನು ಓದಬೇಕು, ಎಲ್ಲಿ ಅಪಾಯ ಎಂದು ನಾನು ಸುತ್ತ ನೋಡಿದೆ. ಅಷ್ಟರಲ್ಲಿ ಆ ಹೆಂಗಸು ಉತ್ತರ ಕೊಡುತ್ತಿದ್ದರು. ಸೊಂಟದಿಂದ ತೊಡೆಯವರೆಗೆ ಕೈ ಎಳೆದು ತೋರಿಸುತ್ತ, ಕೊರಿಯನ್ನಿನಲ್ಲಿ, ಉದ್ದಕ್ಕೆ. ಅಮ್ಮ ತಲೆದೂಗಿ ಇನ್ನೆರಡು ಮಾತು ಕೇಳಿದರು. ಅವರನ್ನು ನಿಧಾನಕ್ಕೆ ಕೂರಿಸಿ, ಬೆನ್ನಿಗೆ ಅಂಗೈ ಇಟ್ಟು, “ಕ್ವೆಂಚನಾ, ಕ್ವೆಂಚನಾ” ಎಂದರು. ಪರವಾಗಿಲ್ಲ, ಏನೂ ಆಗುವುದಿಲ್ಲ ಎಂದು ಅದರ ಅರ್ಥ, ಆಮೇಲೆ ತಿಳಿದದ್ದು.

ಕೊರಿಯಾದ ಮುಖವಿಟ್ಟುಕೊಂಡು ಒಂದಕ್ಷರ ಬಾರದ ನಾವಿಬ್ಬರು ಚಮಚ ಹಿಡಿದು ಕೂತಿದ್ದೆವು. ಸೀರೆ ಉಟ್ಟ ಮಂಗಳೂರಿನ ಅಮ್ಮ ಮಾತಾಡುತ್ತಿದ್ದರು.

ನೋವು ಇಳಿದ ಮೇಲೆ ಆ ಹೆಂಗಸು ಹರಕುಮುರುಕು ಇಂಗ್ಲಿಷಿನಲ್ಲಿ, ಅಬುಧಾಬಿಯಾ, ಸೈಟ್ ಕ್ಲಿನಿಕ್ಕಾ ಎಂದು ಕೇಳಿದರು. ಅವರ ಗಂಡನೂ ಆ ಕಾಲದಲ್ಲಿ ರಸ್ತೆ ಕೆಲಸಕ್ಕೆ ಬಂದವರಂತೆ. ಆಗ ಕೊರಿಯಾದ ಕಂಪನಿಗಳ ಕ್ಯಾಂಪುಗಳಲ್ಲಿ ಇಂಡಿಯಾದ ನರ್ಸುಗಳು ಇರುತ್ತಿದ್ದರು, ಎಲ್ಲರೂ ಎಲ್ಲಿ ನೋವು ಎಂದು ಕೇಳುವಷ್ಟು ಭಾಷೆ ಕಲಿತಿರುತ್ತಿದ್ದರು ಎಂದರು. ಅಮ್ಮ ಬಂದು ತಮ್ಮ ಜಾಗದಲ್ಲಿ ಕೂತು ಅನ್ನ ಕಲಸಿದರು. ಕಿವಿಗಳು ಕೆಂಪಾಗಿದ್ದವು. ಅಬುಧಾಬಿಯ ಆಸ್ಪತ್ರೆಯಲ್ಲಿ ಇದ್ದೆ ಎಂದಷ್ಟೇ ಅವರು ನನಗೆ ಹೇಳಿದ್ದದ್ದು. ಕೊರಿಯಾದವರ ಕ್ಯಾಂಪು ಎಂದು ಯಾವತ್ತೂ ಹೇಳಿರಲಿಲ್ಲ. ಗೆಳತಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅಮ್ಮನ ಮುಖ ನೋಡಿದಳು. ಅವಳಿಗೆ ನನಗಿಂತ ಮೊದಲು ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದರು. ನಾನು ಬಾಗಿಲಿಗೆ ಒರಗಿ ನಿಂತು ಕಾದೆ. ಕೇಳಬೇಕಾಗಿಯೇ ಬರಲಿಲ್ಲ. ಅವರು ನನಗೆ ಬೆನ್ನು ಹಾಕಿಯೇ ಶುರುಮಾಡಿದರು.

“ನಿನ್ನಪ್ಪ ಮಣಿಪುರದವರಲ್ಲ.”

“ಸತ್ತದ್ದು?”

“ಅದೂ ಅಲ್ಲ. ಈಗ ಇದ್ದಾರಾ ಇಲ್ವಾ, ನಂಗೆ ಗೊತ್ತಿಲ್ಲ.”

ನಾನು ಅಲ್ಲೇ ಇದ್ದ ಗ್ಯಾಸ್ ಸಿಲಿಂಡರಿನ ಮೇಲೆ ಕೂತೆ. ಗಾಯದ ಹೊಲಿಗೆ ಚುರುಗುಟ್ಟಿತು. ಬಿಟ್ಟು ಹೋದದ್ದಾ ಎಂದು ಕೇಳಿದೆ. ಆ ಪ್ರಶ್ನೆ ಅಷ್ಟು ಬೇಗ ಬಾಯಿಗೆ ಬಂದದ್ದು ನನಗೇ ಆಶ್ಚರ್ಯ.

ಅಮ್ಮ ಚೂರಿ ಕೆಳಗಿಟ್ಟು ತಿರುಗಿದರು. “ಇಲ್ಲ ಬಾಯೇ. ಅವರು ಕರೆದ್ರು. ನಾನೇ ಹೋಗ್ಲಿಲ್ಲ.”

ಆಮೇಲೆ ಮೀನು ಹಾಗೇ ಉಳಿಯಿತು, ಅಮ್ಮ ಎಲ್ಲ ಹೇಳಿದರು. ಎಂಬತ್ತರ ದಶಕದ ಮೊದಲಿನ ವರ್ಷಗಳು. ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ಅಮ್ಮ ನರ್ಸ್, ಅವರು ಕ್ರೇನ್ ನಡೆಸುವವರು. ಬೆರಳಿಗೆ ಹೊಲಿಗೆ ಹಾಕಿಸಿಕೊಳ್ಳಲು ಬಂದವರು ಗೋಡೆಯ ಶಿಲುಬೆ ನೋಡಿ ತಾವೂ ಕೆಥೋಲಿಕರು ಎಂದು ಎದೆ ಮುಟ್ಟಿ ತೋರಿಸಿದರು. ಆ ಮೇಲೆ ಶುಕ್ರವಾರದ ಪೂಜೆಗೆ ಚರ್ಚಿನಲ್ಲಿ ಕಾಣಸಿಗುತ್ತಿದ್ದರು. ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಅವರ ಜ್ಞಾನಸ್ನಾನದ ಹೆಸರು, ಅದೊಂದು ಸುಳ್ಳಲ್ಲ. ಮದುವೆ ಆಗಿರಲಿಲ್ಲ. ಕಾಂಟ್ರಾಕ್ಟ್ ಮುಗಿದು ಅವರು ಊರಿಗೆ ಹೋದರು, ಮನೆಯವರನ್ನು ಒಪ್ಪಿಸಿ ಕರೆಸಿಕೊಳ್ಳುತ್ತೇನೆ ಎಂದಿದ್ದರು. ಅವರು ಹೋದ ಮೇಲೆ ಅಮ್ಮನಿಗೆ ಬಸುರಿ ಎಂದು ಗೊತ್ತಾಯಿತು. ಕಾಗದ ಬರೆದು ತಿಳಿಸಿ, ಮಂಗಳೂರಿಗೆ ಬಂದು ಅಜ್ಜಿಯೆದುರು ನಿಂತರು. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಗಂಜಿ ಬಡಿಸಿ, ಕೊಟ್ಟಿಗೆಯ ಪಕ್ಕದ ಕೋಣೆ ಗುಡಿಸಿಕೊಟ್ಟರು.

ಉತ್ತರದ ಕಾಗದ ಅಲ್ಲಿಗೇ ಬಂತು. ಡಿಕ್ಷನರಿ ಹಿಡಿದು ಬರೆದ ಇಂಗ್ಲಿಷ್. ಮನೆಯವರು ಮದುವೆಗೆ ಹೇಗಾದರೂ ಒಪ್ಪುತ್ತಾರೆ, ಮಗು ಮಾತ್ರ ಕಷ್ಟ ಎಂದಿತ್ತು. ಬೇರೆ ರಕ್ತ ಸೇರಿದ ಮಗುವನ್ನು ಇಲ್ಲಿ ಬದುಕಲು ಬಿಡುವುದಿಲ್ಲ, ಹೊರದೇಶದ ಒಳ್ಳೆಯ ಮನೆಗಳಿಗೆ ಮಕ್ಕಳನ್ನು ಕಳಿಸುವ ಆಫೀಸುಗಳಿವೆ, ಅಣ್ಣನಿಗೆ ಅಲ್ಲಿ ಪರಿಚಯವಿದೆ ಎಂದಿತ್ತು.

“ಕೊಟ್ಟು ಬಾ ಅಂತ ಅವರು ಬರೀಲಿಲ್ಲ,” ಎಂದರು ಅಮ್ಮ. “ಮನೆಯವರು ಹೀಗೆ ಹೇಳ್ತಾರೆ, ನಿನ್ನ ಅಭಿಪ್ರಾಯ ಎಂತ ಅಂತ ಕೇಳಿದ್ರು. ಕೇಳಿದ್ರಲ್ಲ, ನಂಗೆ ಅಷ್ಟೇ ಸಾಕಾಯ್ತು.”

ಅಮ್ಮ ಉತ್ತರ ಬರೆಯಲಿಲ್ಲ. ಮತ್ತೆರಡು ಕಾಗದ ಬಂದವು. ಅಜ್ಜಿ ಅವನ್ನು ಒಡೆಯದೆ ಒಲೆಗೆ ಹಾಕಿದರು, ಅಮ್ಮ ತಡೆಯಲಿಲ್ಲ. ಮಣಿಪುರ ಬಂದದ್ದು ತೀರಾ ಸಣ್ಣ ಕಾರಣಕ್ಕೆ. ಮಿಷನ್ ಆಸ್ಪತ್ರೆಯಲ್ಲಿ ಮಣಿಪುರದ ಒಬ್ಬರು ಸಿಸ್ಟರ್ ಇದ್ದರು. ಹುಟ್ಟಿದ ನನ್ನನ್ನು ನೋಡಿ ಯಾರೋ, ಮಗು ಸಿಸ್ಟರ್ ಕಡೆಯವರ ಹಾಗೆ ಉಂಟಲ್ಲ ಎಂದರು. ಅಮ್ಮ ಹೌದು, ಇದರ ಅಪ್ಪ ಆ ಕಡೆಯವರು ಎಂದುಬಿಟ್ಟರು. ಎಲ್ಲಿ ಎಂದು ಕೇಳಿದಾಗ, ತೀರಿಕೊಂಡರು ಎಂದರು. ಆಮೇಲೆ ಅದನ್ನು ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ, ಆದರೆ ಅದಕ್ಕಿಂತ ಮೊದಲು ಬೇರೊಂದು ಬಂತು. ಚಿಕ್ಕಂದಿನಿಂದ ಎತ್ತರದ ಕಟ್ಟಡ ಕಂಡಾಗಲೆಲ್ಲ ನಾನು ಅಪ್ಪ ಬಿದ್ದದ್ದನ್ನು ನೋಡುತ್ತಿದ್ದೆ. ಯಾವ ಮಹಡಿಯಿಂದ, ತಲೆ ಕೆಳಗಾಗಿಯೋ ಕಾಲು ಕೆಳಗಾಗಿಯೋ, ಬೀಳುವಾಗ ಕೂಗಿದರೋ ಇಲ್ಲವೋ. ದುಬೈಗೆ ಬಂದ ಮೇಲೆ ಅದಕ್ಕೆ ಕೊನೆಯೇ ಇರಲಿಲ್ಲ. ಕಣ್ಣೆತ್ತಿದರೆ ಕಟ್ಟಡ, ಎಲ್ಲ ಕಟ್ಟಡದ ನೆತ್ತಿಯಲ್ಲೂ ಒಂದು ಕ್ರೇನ್. ಈಗ ಅವರು ಬಿದ್ದಿರಲಿಲ್ಲ. ಕೆಲಸ ಮುಗಿಸಿ, ಏಣಿ ಇಳಿದು, ಕೈ ತೊಳೆದು, ಮನೆಗೆ ಹೋಗಿದ್ದರು. ನಾನು ಕಿಟಕಿಯ ಹತ್ತಿರ ಹೋಗಿ ರಸ್ತೆಯಾಚೆಯ ಗೋಪುರಗಳನ್ನು ಬಹಳ ಹೊತ್ತು ನೋಡಿದೆ. ಯಾರೂ ಬೀಳಲಿಲ್ಲ.

ಅಮ್ಮ ಹಿಂದಿನಿಂದ ಬಂದು, ಕೋಪ ಬಂತಾ ಎಂದು ಕೇಳಿದರು. ಮೀನು ಹಾಳಾಗುತ್ತದೆ ನೋಡಿ ಎಂದೆ. ಅವರು ಅಷ್ಟಕ್ಕೇ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು.

ಆದರೆ ಗೆಳತಿಗೆ ಏನು ಹೇಳುವುದು ಎಂಬುದು ದೊಡ್ಡ ಚಿಂತೆಯಾಯಿತು. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅಮ್ಮ ‘ಸರಿ’ ಎಂದು ಒಂದು ಕಾಗದ ಬರೆದಿದ್ದರೆ ನಾನೂ ಅವಳ ಹಾಗೆ ಯಾವುದೋ ತಣ್ಣನೆಯ ದೇಶದಲ್ಲಿ ಬೆಳೆಯುತ್ತಿದ್ದೆ. ನನ್ನ ಅಮ್ಮ ನನ್ನನ್ನು ಕೊಡಲಿಲ್ಲ ಎಂದು ಅವಳೆದುರು ಹೇಗೆ ಹೇಳುವುದು? ಹಾಗೆ ಹೇಳಿದರೆ, ನಿನ್ನ ಅಮ್ಮ ಕೊಟ್ಟಳು ಎಂದು ಹೇಳಿದ ಹಾಗೆಯೇ. ಹೊಲಿಗೆ ನೋಯುತ್ತಿದೆ, ಬರಬೇಡ ಎಂದು ಎರಡು ದಿನ ಮೆಸೇಜ್ ಕಳಿಸಿದೆ. ಮೂರನೆಯ ದಿನ ಅವಳು ಕೇಳದೆ ಬಂದಳು. ಸಂಜೆ ನಾಲ್ಕು ಗಂಟೆ, ಕೈಯಲ್ಲಿ ಒಂದು ಚೀಲ ಪೇರಳೆ ಹಣ್ಣು. ಕೂತು, ನನ್ನ ಮುಖ ನೋಡಿ, ನೇರವಾಗಿ ಕೇಳಿದಳು, ನೀನು ಅರ್ಧ ಕೊರಿಯನ್ ಅಲ್ಲವಾ ಎಂದು.

ನಾನು ಹೌದು ಎಂದೆ. ಮುಂದಿನದನ್ನು ಅಮ್ಮ ಹೇಳಿದರು. ಅವರಿಗೆ ಕೆಲಸದ ಇಂಗ್ಲಿಷ್ ಬರುತ್ತಿತ್ತು, ಆದರೆ ಇಂಥ ಮಾತಿಗೆ ಅದು ಸಾಲುತ್ತಿರಲಿಲ್ಲ. ಅವರು ನಮ್ಮ ಭಾಷೆಯಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ಮಾಡಿದೆ. ಕಾಗದದ ವಿಷಯ ಬಂದಾಗ ಬಿಟ್ಟುಬಿಡೋಣ ಎಂದು ಕನ್ನಡದಲ್ಲಿ ಹೇಳಿದೆ. ಬಿಡಬೇಡ, ಬಿಟ್ಟು ಬಿಟ್ಟೇ ಇಷ್ಟು ವರ್ಷ ಆದದ್ದು ಎಂದರು ಅಮ್ಮ. ಪೂರ್ತಿ ಹೇಳಿದೆ. ಗೆಳತಿ ಕೈಯಲ್ಲಿದ್ದ ಹಣ್ಣನ್ನು ತಿರುಗಿಸುತ್ತ ಕೇಳುತ್ತಿದ್ದಳು. ಮುಗಿದ ಮೇಲೆ, ಆಂಟಿಯನ್ನು ಒಂದು ಮಾತು ಕೇಳು ಎಂದಳು. ಒಬ್ಬ ತಾಯಿ ಮಗುವನ್ನು ಯಾಕೆ ಕೊಡುತ್ತಾಳೆ?

ಅಮ್ಮ ಅವಳ ಪಕ್ಕಕ್ಕೆ ಹೋಗಿ ಮಂಚದ ಮೇಲೆ ಕೂತರು.

“ನಂಗೆ ಊರಲ್ಲಿ ಅಮ್ಮ ಇದ್ರು. ಬಾಗಿಲು ತೆಗೆದು ಒಳಗೆ ಕರೆದ್ರು. ಅಷ್ಟೇ ವ್ಯತ್ಯಾಸ. ಆ ಬಾಗಿಲು ತೆಗೀದಿದ್ರೆ ನಾನೂ ಕೊಡ್ತಿದ್ದೆ. ಕೊಟ್ಟ ಮೇಲೆ ಮರೀತಿದ್ದೆ ಅಂತ ಮಾತ್ರ ತಿಳ್ಕೊಳ್ಬೇಡಿ.”

‘ನಾನೂ ಕೊಡ್ತಿದ್ದೆ’ ಎಂಬುದನ್ನು ಬಿಟ್ಟುಬಿಡೋಣ ಎನಿಸಿತು. ಕೊಡುತ್ತಿದ್ದದ್ದು ನನ್ನನ್ನು ತಾನೇ. ಆದರೂ ಒಂದು ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಗೆಳತಿ ನನ್ನನ್ನು ನೋಡಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ಬ್ಯಾಗಿನಿಂದ ಲಕೋಟೆ ತೆಗೆದು ಅಮ್ಮನ ತೊಡೆಯ ಮೇಲಿಟ್ಟಳು.

ಅಮ್ಮ ಎದ್ದು ಕೈ ತೊಳೆದುಕೊಂಡು ಬಂದರು. ತರಕಾರಿ ಚೂರಿಯಿಂದ ಅಂಚು ಸೀಳಿ, ಒಳಗಿದ್ದದ್ದನ್ನು ನೋಡದೆ ಅವಳ ಕೈಗೆ ಕೊಟ್ಟರು. ಎರಡು ಹಾಳೆ. ಒಂದು ಆಫೀಸಿನದು. ಇನ್ನೊಂದರಲ್ಲಿ ದುಂಡಗಿನ ಕೈಬರಹದ ಕೊರಿಯನ್, ಕೆಳಗೆ ಅದರ ಇಂಗ್ಲಿಷ್. ಗೆಳತಿ ಓದುತ್ತ ಓದುತ್ತ ಒಂದು ಕಡೆ ಜೋರಾಗಿ ನಕ್ಕಳು, ನಗುತ್ತಲೇ ಅತ್ತಳು. ನನಗೆ ಕೊಟ್ಟು ಓದು ಎಂದಳು. ಆ ಹೆಂಗಸು ಬದುಕಿದ್ದರು. ಅವರೇ ವರ್ಷಗಳ ಹಿಂದೆ ಆಫೀಸಿಗೆ ಹೋಗಿ, ಮಗು ಎಂದಾದರೂ ಕೇಳಿಕೊಂಡು ಬಂದರೆ ತಿಳಿಸಿ ಎಂದು ವಿಳಾಸ ಕೊಟ್ಟು ಬಂದಿದ್ದರು. ಗಂಡನಿಗೂ ಗಂಡುಮಕ್ಕಳಿಗೂ ವಿಷಯ ಗೊತ್ತಿಲ್ಲ, ಮನೆಗೆ ಬರಬೇಡ, ನಾನೇ ಬರೆಯುತ್ತೇನೆ, ಸ್ವಲ್ಪ ಸಮಯ ಕೊಡು ಎಂದಿದ್ದರು. ಕೊನೆಯಲ್ಲಿ ಕೇಳಿದ್ದರು: ನಿನ್ನ ಹಲ್ಲು ಹೇಗಿವೆ? ನಮ್ಮ ಮನೆಯಲ್ಲಿ ಎಲ್ಲರ ಹಲ್ಲೂ ಬೇಗ ಹಾಳಾಗುತ್ತವೆ, ಸಿಹಿ ಕಡಿಮೆ ತಿನ್ನು.

ಗೆಳತಿಯ ನಾಲ್ಕು ದವಡೆ ಹಲ್ಲು ಕಟ್ಟಿಸಿದ್ದು. ಡೆನ್ಮಾರ್ಕಿನ ಮನೆಯಲ್ಲಿ ಎಲ್ಲರಿಗೂ ಕಲ್ಲಿನಂಥ ಹಲ್ಲು, ಇವಳಿಗೊಬ್ಬಳಿಗೆ ಯಾಕೆ ಹೀಗೆ ಎಂದು ಡಾಕ್ಟರು ಬೈಯುತ್ತಿದ್ದರಂತೆ. ಅವಳು ಬಾಯಿ ತೆರೆದು ಅಮ್ಮನಿಗೆ ಒಂದೊಂದೇ ಹಲ್ಲು ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಆ ದಿನ ಅವಳು ಮೀನಿನ ಸಾರಿನಲ್ಲಿ ಎರಡು ತಟ್ಟೆ ಅನ್ನ ಊಟ ಮಾಡಿದಳು, ಮುಳ್ಳು ಬಿಡಿಸಲು ಬಾರದೆ ಅಮ್ಮನೇ ಬಿಡಿಸಿಕೊಟ್ಟರು.

ಅಮ್ಮ ಊರಿಗೆ ಹೊರಡುವ ಮೊದಲಿನ ಶುಕ್ರವಾರ, ಅಬುಧಾಬಿಗೆ ಹೋಗಿ ಬರೋಣ ಎಂದು ಅವರೇ ಹೇಳಿದರು. ಬಸ್ಸಿನಲ್ಲಿ ಹೋದೆವು. ಕ್ಯಾಂಪು ಎಲ್ಲಿತ್ತು ಎಂದು ತೋರಿಸಲು ಅವರಿಂದ ಆಗಲಿಲ್ಲ. ಮರಳಿದ್ದ ಕಡೆ ರಸ್ತೆ, ರಸ್ತೆಯಿದ್ದ ಕಡೆ ಮಾಲು. ಇಲ್ಲಿ ಅಂತ ಕಾಣ್ತದೆ ಎಂದು ಎರಡು ಬೇರೆ ಬೇರೆ ಜಾಗ ತೋರಿಸಿದರು. ಚರ್ಚಿನಲ್ಲಿ ಮಾತ್ರ ದಾರಿ ಕೇಳದೆ ನೇರ ಒಳಗೆ ನಡೆದರು. ಪೂಜೆ ಮುಗಿದ ಮೇಲೆ ಕೊಂಕಣಿ ಬರುವ ಪಾದ್ರಿಯೊಬ್ಬರನ್ನು ಹುಡುಕಿ ಪಾಪನಿವೇದನೆ ಮಾಡಿದರು. ನಾನು ಹೊರಗಿನ ಬೆಂಚಿನಲ್ಲಿ ಕಾದೆ. ಬಂದಾಗ, ಅಷ್ಟು ಹೊತ್ತು ಎಂತ ಇತ್ತು ಹೇಳ್ಲಿಕ್ಕೆ ಎಂದು ಕೇಳಿದೆ.

“ಬದುಕಿದ್ದವರನ್ನು ಸಾಯ್ಸಿದ್ದೆ ಅಲ್ವಾ,” ಎಂದರು. ಬೆಂಚಿನಲ್ಲಿ ನನ್ನ ಪಕ್ಕ ಕೂತು, ಹಸಿವಾಗ್ತಾ ಉಂಟು ಎಂದರು.

ಮರಳುವಾಗ ಅವರು ಬಸ್ಸು ಹೊರಟ ಕೂಡಲೇ ನಿದ್ದೆ ಹೋದರು. ನಾನು ಕಂಡ ಹಾಗೆ ಅಮ್ಮ ಪ್ರಯಾಣದಲ್ಲಿ ಕಣ್ಣು ಮುಚ್ಚಿದವರೇ ಅಲ್ಲ. ಅವತ್ತು ದುಬೈ ಮುಟ್ಟುವವರೆಗೂ ಬಾಯಿ ಸ್ವಲ್ಪ ತೆರೆದುಕೊಂಡು ನನ್ನ ಭುಜದ ಮೇಲೆ ಮಲಗಿದ್ದರು. ನನ್ನ ತೋಳು ಜೋಮು ಹಿಡಿದಿತ್ತು, ಅಲ್ಲಾಡಿಸಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಗೆಳತಿ ಕೊರಿಯಾಕ್ಕೆ ಹೋದಳು. ಹೆತ್ತವಳು ಒಂದು ರೈಲ್ವೆ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಬಂದರು. ಮೂರು ಗಂಟೆ ಜೊತೆಗಿದ್ದರು. ಹೆಚ್ಚು ಹೊತ್ತು ಇಬ್ಬರೂ ಊಟ ಮಾಡಿದೆವು ಎಂದಳು. ಗಂಡನಿಗೆ ಇನ್ನೂ ಹೇಳಿಲ್ಲ, ಕಿರಿಯ ಮಗನಿಗೆ ಹೇಳಿದ್ದಾರೆ. ಅವನು ಆಗಾಗ ಫೋಟೋ ಕಳಿಸುತ್ತಾನೆ. ಗೆಳತಿಗೆ ಅದು ಸಾಕಾಗಿದೆ. ಅವಳು ಈಗ ಬ್ಯಾಗಿನಲ್ಲಿ ಏನನ್ನೂ ಹೊತ್ತು ತಿರುಗುವುದಿಲ್ಲ.

ನೀನೂ ಒಂದು ಡಿಎನ್‌ಎ ಪರೀಕ್ಷೆ ಮಾಡಿಸು ಎಂದು ಅವಳೇ ಹೇಳಿದಳು. ಎಂಜಲು ತುಂಬಿಸಿ ಕಳಿಸಿದರೆ ಎಲ್ಲೆಲ್ಲಿ ನೆಂಟರಿದ್ದಾರೆ ಎಂದು ಹೇಳುತ್ತಾರೆ. ಡೆನ್ಮಾರ್ಕಿಗೆ ಹೋದಾಗ ಅವಳೇ ನನ್ನದನ್ನು ಕೊಂಡುಹೋಗಿ ಹಾಕಿದಳು. ಅಪ್ಪನ ಕಡೆಯಿಂದ ಸಿಕ್ಕಿದ್ದು ಒಬ್ಬಳೇ, ಬಹಳ ದೂರದ ಸಂಬಂಧ. ಅವಳೂ ಮಗುವಾಗಿದ್ದಾಗ ಅಮೆರಿಕಕ್ಕೆ ದತ್ತು ಹೋದವಳು, ಅವಳಿಗೂ ಯಾರೂ ಗೊತ್ತಿಲ್ಲ. ಹಬ್ಬಕ್ಕೆ ಒಂದು ಈಮೇಲ್ ಬರೆಯುತ್ತೇವೆ. ಅಪ್ಪನನ್ನು ಹುಡುಕಿಕೊಂಡು ಹೋಗಬೇಕು ಎಂದು ನನಗೆ ಅನಿಸಲಿಲ್ಲ. ಅವರು ಎಲ್ಲೋ ಇರಬಹುದು ಎಂಬುದೇ ನನಗೆ ಹೊಸದು, ಅದನ್ನೇ ಇನ್ನೂ ಅನುಭವಿಸಿ ಮುಗಿದಿರಲಿಲ್ಲ.

ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದರು, ಆ ಪರೀಕ್ಷೆಯಲ್ಲಿ ಮತ್ತೆ ಎಂತಾದ್ರೂ ಸಿಕ್ಕಿತಾ ಎಂದು. ಏನೂ ಇಲ್ಲ ಎನ್ನಲು ಗಲ್ಫಿನಲ್ಲಿ ದುಡಿದವರೆಲ್ಲ ಆಡುವ ಒಂದೇ ಅರಬ್ಬಿ ಪದದಲ್ಲಿ ನಾನು ಉತ್ತರ ಕೊಡುತ್ತಿದ್ದೆ.

“ಮಾಫಿ.”

ಆ ಕಡೆ ಅವರು ಉಸಿರು ಬಿಡುವುದು ಕೇಳುತ್ತಿತ್ತು. ಈ ಕಡೆ ನಾನೂ ಬಿಡುತ್ತಿದ್ದೆ.

“ಸರಿ ಹಾಗಾದ್ರೆ. ಊಟ ಆಯ್ತಾ?”